ಹಿತ್ತಲ ಕೋಳಿಗಳಿಗೆ ಕೊರೆಯೋ ಚಳಿಯಲ್ಲೂ ನಿಲ್ಲದ ನೀರು: ಕೊಕ್ಕಿನಿಂದ ಶುರು ಮಾಡಿ ನಲ್ಲಿ ತನಕ

ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯೋ ಕಡೆ ಕೋಳಿ ಸಾಕೋರಿಗೆ ಮೇವಿಗಿಂತ ನೀರಿಂದೇ ದೊಡ್ಡ ಚಿಂತೆ. ಮೊಟ್ಟೆ ಇಡೋ ಕೋಳಿ ದಿನಕ್ಕೆ ಹೆಚ್ಚುಕಮ್ಮಿ ಕಾಲು ಲೀಟರ್ ನೀರು ಕುಡಿಯುತ್ತೆ, ತಿನ್ನೋ ಮೇವಿನ ತೂಕದ ಸುಮಾರು ಎರಡರಷ್ಟು ಅಂತ ಲೆಕ್ಕ ಇಟ್ಕೊಳ್ಳಿ. ಮೊಟ್ಟೆಯಲ್ಲಿ ಮುಕ್ಕಾಲು ಭಾಗ ನೀರೇ ಅಲ್ವಾ, ಅದು ಎಲ್ಲಿಂದ ಬರ್ಬೇಕು. ನೀರು ಸಿಗದೇ ಹೋದ್ರೆ ಕೋಳಿ ಮೊದಲು ಮೇವು ಕಮ್ಮಿ ಮಾಡುತ್ತೆ, ಆಮೇಲೆ ಮೊಟ್ಟೆ ನಿಲ್ಲಿಸುತ್ತೆ, ಒಂದು ಇಡೀ ದಿನ ನೀರಿಲ್ಲದೆ ಕಳೆದ್ರೆ ಮತ್ತೆ ಮೊದಲಿನ ಹಾಗೆ ಮೊಟ್ಟೆ ಶುರು ಆಗೋಕೆ ವಾರಗಳೇ ಹಿಡಿಯಬಹುದು. ಅದೂ ಚಳಿಗಾಲದಲ್ಲಿ ಅವು ಜಾಸ್ತಿ ತಿಂದೇ ಮೈ ಬಿಸಿ ಇಟ್ಕೊಳ್ಳೋದು, ಸೋ ನೀರು ಕಟ್ ಆದ್ರೆ ಚಳಿ ತಡೆಯೋ ಶಕ್ತಿನೂ ಕಟ್ ಆದ ಹಾಗೆ.

ತುಂಬಾ ಜನ ಇದಕ್ಕೆ ದೊಡ್ಡ ಹೀಟರ್ ತಂದು ಬಕೆಟ್ ಒಳಗೆ ಬಿಟ್ಟು ಸಮಸ್ಯೆ ಮುಗೀತು ಅಂದ್ಕೋತಾರೆ. ಆದ್ರೆ ನೀರು ಮೊದಲು ಹೆಪ್ಪುಗಟ್ಟೋದು ಬಕೆಟ್ಟಲ್ಲಿ ಅಲ್ಲ, ಕೋಳಿ ಕೊಕ್ಕಲ್ಲಿ ಪಿನ್ ತಳ್ಳಿ ನೀರು ಕುಡಿಯೋ ನಿಪ್ಪಲ್‌ನಲ್ಲಿ, ಆಮೇಲೆ ಸಣ್ಣ ಪೈಪಲ್ಲಿ, ಕೊನೆಗೆ ಬಕೆಟ್ಟಲ್ಲಿ. ಬಕೆಟ್ಟಲ್ಲಿ ನೀರು ಬೆಚ್ಚಗಿದ್ರೂ ಕೊಕ್ಕಿಗೆ ಸಿಗೋ ಕಡೆ ಐಸ್ ಕೂತಿದ್ರೆ ಏನು ಬಂತು. ಅದಕ್ಕೇ ನಾನು ಹೇಳೋದು, ಪ್ಲಾನ್ ಮಾಡುವಾಗ ಕೊಕ್ಕಿನ ತುದಿಯಿಂದ ಶುರು ಮಾಡಿ, ಹಿಂದಕ್ಕೆ ನಲ್ಲಿ ತನಕ ಬನ್ನಿ.

ನಿಪ್ಪಲ್

ತೆರೆದ ತಟ್ಟೆ, ಬೋಗುಣಿ ಚಳಿಗಾಲಕ್ಕೆ ಬೇಡ. ಹೆಪ್ಪುಗಟ್ಟೋದು ಒಂದು ಕಡೆ ಇರ್ಲಿ, ತೆರೆದ ನೀರಿಂದ ಗೂಡೊಳಗೆ ತೇವ ಏರುತ್ತೆ, ಕುಡಿಯುವಾಗ ಗದ್ದದ ಕೆಳಗಿನ ಜೋಲು ಚರ್ಮ ಒದ್ದೆ ಆಗುತ್ತೆ. ತೇವ ಇರೋ ಚಳಿಯಲ್ಲೇ ಜುಟ್ಟಿನ ಚರ್ಮ ಹೆಪ್ಪುಗಟ್ಟಿ ಕಪ್ಪಾಗಿ ಫ್ರಾಸ್ಟ್‌ಬೈಟ್ ಆಗೋದು ಜಾಸ್ತಿ.

ನಿಪ್ಪಲ್‌ನಲ್ಲಿ ಎರಡು ಥರ ಇದೆ. ಒಂದು ಕೆಳಮುಖವಾಗಿ ನೇತಾಡೋದು, ಬಕೆಟ್ ತಳಕ್ಕೆ ಹಾಕೋದು. ಇನ್ನೊಂದು ಅಡ್ಡ ನಿಪ್ಪಲ್, ಬಕೆಟ್ ಪಕ್ಕಕ್ಕೆ ಹಾಕೋದು, ಕೋಳಿ ಪಿನ್ನನ್ನ ಪಕ್ಕಕ್ಕೆ ತಳ್ಳಿದಾಗ ಮಾತ್ರ ನೀರು ಬರುತ್ತೆ. ಚಳಿಗೆ ಅಡ್ಡದ್ದೇ ತಗೊಳ್ಳಿ, ಇದರಲ್ಲಿ ಎರಡನೇ ಯೋಚನೆ ಬೇಡ. ನೇತಾಡೋದರ ತುದಿಯಲ್ಲಿ ಯಾವಾಗ್ಲೂ ಒಂದು ಹನಿ ನಿಂತಿರುತ್ತೆ, ಲೋಹದ ಪಿನ್ನು ಪೂರ್ತಿ ಹೊರಗೆ ಗಾಳಿಗೆ ಒಡ್ಕೊಂಡಿರುತ್ತೆ, ಆ ಹನಿ ಹೆಪ್ಪುಗಟ್ಟಿದ ತಕ್ಷಣ ಪಿನ್ ಅಲ್ಲಾಡಲ್ಲ. ಅಡ್ಡ ನಿಪ್ಪಲ್‌ನಲ್ಲಿ ಸೀಲ್ ಇರೋದು ನೀರಿನ ಕಡೆಗೆ, ಒಳಗಿನ ನೀರಿನ ಬಿಸಿ ಅದಕ್ಕೆ ತಾಗ್ತಾ ಇರುತ್ತೆ, ಹನಿ ನಿಲ್ಲೋದೂ ಕಮ್ಮಿ.

3-4 ಕೋಳಿಗೆ ಒಂದು ನಿಪ್ಪಲ್ ಸಾಕು, ಆದ್ರೂ ಎರಡಕ್ಕಿಂತ ಕಮ್ಮಿ ಹಾಕ್ಬೇಡಿ, ಒಂದು ಕೆಟ್ರೆ ಇನ್ನೊಂದು ಇರ್ಬೇಕು. ಎತ್ತರ ಕೋಳಿ ನಿಂತಾಗ ಅದರ ಕಣ್ಣಿನ ಮಟ್ಟಕ್ಕೆ. ತೂತು ಎಷ್ಟು ದಪ್ಪ ಅನ್ನೋದು ಪ್ಯಾಕೆಟ್ ಮೇಲೆ ಇರುತ್ತೆ, ಅದೇ ಸೈಜಿನ ಡ್ರಿಲ್ ಬಿಟ್ ಬಳಸಿ, ಕಣ್ಣಳತೆಯಲ್ಲಿ ಕೊರೆದ್ರೆ ಲೀಕ್ ಗ್ಯಾರಂಟಿ. ತೂತಿನ ಅಂಚಲ್ಲಿ ಎದ್ದಿರೋ ಪ್ಲಾಸ್ಟಿಕ್ ಚೂರನ್ನ ಬ್ಲೇಡಲ್ಲಿ ಕೆರೆದು ಸಾಫ್ ಮಾಡಿ, ಥ್ರೆಡ್ ಇರೋ ನಿಪ್ಪಲ್ ಆದ್ರೆ ಎರಡು ಸುತ್ತು ಟೆಫ್ಲಾನ್ ಟೇಪ್ ಹಾಕಿ ಕೈಯಲ್ಲಿ ತಿರುಗಿಸಿ, ಕೊನೇ ಅರ್ಧ ಸುತ್ತು ಮಾತ್ರ ಸ್ಪ್ಯಾನರ್.

ಬಕೆಟ್ಟಾ, ಸುತ್ತು ಪೈಪಾ

ಹತ್ತು ಹನ್ನೆರಡು ಕೋಳಿ ತನಕ ಬಕೆಟ್ಟೇ ಸಾಕು ಅನ್ನೋದು ನನ್ನ ಅಭಿಪ್ರಾಯ. 20 ಲೀಟರಿನ ಮುಚ್ಚಳ ಇರೋ ಬಕೆಟ್, ಪಕ್ಕದಲ್ಲಿ ಅಡ್ಡ ನಿಪ್ಪಲ್, ಒಳಗೆ ಸಣ್ಣ ಹೀಟರ್, ಸುತ್ತ ಇನ್ಸುಲೇಷನ್. ಪೈಪೇ ಇಲ್ಲ, ಪೈಪ್ ಇಲ್ಲ ಅಂದ್ರೆ ಅರ್ಧ ತಲೆನೋವೂ ಇಲ್ಲ.

ಇಲ್ಲಿ ಒಂದು ಸಣ್ಣ ವಿಷಯಕ್ಕೆ ಗಮನ ಕೊಡಿ. ನಿಪ್ಪಲ್ ತೂತನ್ನ ಹೀಟರ್ ಎಷ್ಟು ನೀರಲ್ಲಿ ಮುಳುಗಿರಬೇಕೋ ಆ ಮಟ್ಟಕ್ಕಿಂತ ಮೇಲೆ ಕೊರೀರಿ. ಆಗ ಕೋಳಿಗಳು ಎಷ್ಟೇ ಕುಡಿದ್ರೂ ನಿಪ್ಪಲ್ ಮಟ್ಟಕ್ಕಿಂತ ಕೆಳಗಿನ ನೀರು ಹಾಗೇ ಉಳಿಯುತ್ತೆ, ಹೀಟರ್ ಒಣಗಿ ಸುಡೋ ಪ್ರಶ್ನೆನೇ ಬರಲ್ಲ, ತಳದಲ್ಲಿ ಕೂರೋ ಕೆಸರೂ ನಿಪ್ಪಲ್ ಒಳಗೆ ಹೋಗಲ್ಲ. ಹಾಗೇ ಮುಚ್ಚಳದಲ್ಲಿ ಒಂದು ಸಣ್ಣ ತೂತು ಬೇಕು, ಗಾಳಿ ಒಳಗೆ ಹೋಗದಿದ್ರೆ ಸ್ವಲ್ಪ ನೀರು ಇಳಿದ ಮೇಲೆ ಒಳಗೆ ವ್ಯಾಕ್ಯೂಮ್ ಆಗಿ ನಿಪ್ಪಲ್‌ನಲ್ಲಿ ನೀರು ಬರೋದು ನಿಂತೇ ಹೋಗುತ್ತೆ, ಜನ ಅದನ್ನ ಐಸ್ ಅಂದ್ಕೊಂಡು ಬಿಸಿನೀರು ಸುರಿತಾ ಕೂರ್ತಾರೆ.

ಕೋಳಿ ಜಾಸ್ತಿ ಇದ್ರೆ ಅಥವಾ ಗೂಡಿನ ಉದ್ದಕ್ಕೂ ನೀರು ಬೇಕಂದ್ರೆ ಸುತ್ತು ಪೈಪ್. ಅಂದ್ರೆ ಒಂದು ಟ್ಯಾಂಕು, ಅದರೊಳಗೆ ಹೀಟರ್ ಮತ್ತೆ ಸಣ್ಣ ಪಂಪ್, ಪಂಪು ನೀರನ್ನ ನಿಪ್ಪಲ್ ಇರೋ ಪೈಪಿಗೆ ತಳ್ಳುತ್ತೆ, ನೀರು ಸುತ್ತು ಹಾಕಿ ವಾಪಸ್ ಟ್ಯಾಂಕಿಗೇ ಬೀಳುತ್ತೆ, ಹೀಗೆ ದಿನವಿಡೀ.

ಬಿಸಿ ಎಲ್ಲಿ ಸೋರುತ್ತೆ ಅನ್ನೋ ಲೆಕ್ಕ

ಹೀಟರ್ ತಗೊಳ್ಳೋ ಮುಂಚೆ ಈ ಲೆಕ್ಕ ಒಂದ್ಸಲ ಹಾಕಿ. 20 ಲೀಟರ್ ಬಕೆಟ್‌ಗೆ ಮುಚ್ಚಳ, ತಳ ಎಲ್ಲ ಸೇರಿ ಹೊರಮೈ ಸುಮಾರು 0.43 ಚದರ ಮೀಟರ್. ಒಳಗೆ ನೀರು 5 ಡಿಗ್ರಿ, ಹೊರಗೆ ಮೈನಸ್ 15, ವ್ಯತ್ಯಾಸ 20 ಡಿಗ್ರಿ. ಬರೀ ಬಕೆಟ್ ಇದ್ರೆ ಗಾಳಿ ಬೀಸದ ಜಾಗದಲ್ಲೂ 60-70 ವ್ಯಾಟ್ ಬಿಸಿ ಆಚೆ ಹೋಗ್ತಾ ಇರುತ್ತೆ, ಗಾಳಿ ಬೀಸಿದ್ರೆ ಇನ್ನೂ ಜಾಸ್ತಿ. ಅದೇ ಬಕೆಟ್‌ಗೆ 2 ಇಂಚು ಥರ್ಮಾಕೋಲ್ ಸುತ್ತಿದ್ರೆ ಲೆಕ್ಕಕ್ಕೆ ಬರೋದು ಬರೀ 6 ವ್ಯಾಟ್, ಸಂದಿಗೊಂದಿ, ನಿಪ್ಪಲ್ ಎಲ್ಲ ಸೇರಿಸಿ 10-12 ಅನ್ನಿ. ಅಂದ್ರೆ 250 ವ್ಯಾಟ್ ಹೀಟರ್ ಯಾಕೆ ಬೇಕು? 50 ವ್ಯಾಟ್‌ದೇ ಆರಾಮಾಗಿ ಸಾಕು, ಅದೂ ಸುಮಾರು ಹೊತ್ತು ಆಫ್ ಆಗೇ ಇರುತ್ತೆ.

ಈಗ ಪೈಪ್ ನೋಡಿ. 20 ಎಂಎಂ ಹೊರ ಅಳತೆಯ ಪೈಪಿಗೆ ಮುಕ್ಕಾಲು ಇಂಚು ದಪ್ಪದ ಫೋಮ್ ತೊಡಿಸಿದ್ರೂ ಅದೇ ಚಳಿಯಲ್ಲಿ ಒಂದು ಮೀಟರಿಗೆ ಸುಮಾರು 4-5 ವ್ಯಾಟ್ ಹೋಗುತ್ತೆ. 6 ಮೀಟರ್ ಸುತ್ತು ಅಂದ್ರೆ 26 ವ್ಯಾಟ್ ಆಸುಪಾಸು, ಬಕೆಟ್ ಕಳ್ಕೊಳ್ಳೋದರ ಎರಡರಷ್ಟು! ಅದಕ್ಕೇ ಪೈಪ್ ಎಷ್ಟು ಚಿಕ್ಕದು ಮಾಡೋಕೆ ಆಗುತ್ತೋ ಅಷ್ಟು ಚಿಕ್ಕದು ಮಾಡಿ. ಟ್ಯಾಂಕನ್ನ ಗೂಡಿನ ಗೋಡೆಗೇ ತಾಗಿಸಿ ಇಡಿ, ನೋಡೋಕೆ ನೀಟಾಗಿರ್ಲಿ ಅಂತ ಮೂಲೆಗೆ ತಗೊಂಡೋಗ್ಬೇಡಿ.

ಥರ್ಮಾಕೋಲ್ ಹಾಕೋರಿಗೆ ಒಂದು ಮಾತು, ಕೋಳಿಗಳಿಗೆ ಥರ್ಮಾಕೋಲ್ ಕಂಡ್ರೆ ಅದೇನು ಆಸೆನೋ, ಕುಕ್ಕಿ ಕುಕ್ಕಿ ತಿಂದು ಮುಗಿಸ್ತವೆ. ಅವಕ್ಕೂ ಒಳ್ಳೇದಲ್ಲ, ನಿಮ್ಮ ಇನ್ಸುಲೇಷನ್ನೂ ಹೋಯ್ತು. ಹೊರಗಿನಿಂದ ಪ್ಲೈವುಡ್ ಡಬ್ಬ ಮಾಡಿ ಅಥವಾ ಬಕೆಟ್ಟನ್ನ ದೊಡ್ಡ ಡ್ರಮ್ ಒಳಗೆ ಇಟ್ಟು ಮಧ್ಯದ ಜಾಗಕ್ಕೆ ಫೋಮ್ ತುಂಬಿ, ಒಂದು ಚೂರು ಬಿಳಿಯೂ ಹೊರಗೆ ಕಾಣ್ಬಾರ್ದು. ನಿಪ್ಪಲ್ ಇರೋ ಕಡೆ ಫೋಮನ್ನ ಒಳಗೆ ಕಿರಿದು ಹೊರಗೆ ಅಗಲ ಆಗೋ ಹಾಗೆ ಇಳಿಜಾರಾಗಿ ಕತ್ತರಿಸಿ, ಹೊರಬಾಯಿ ಕೋಳಿ ತಲೆ ಸಲೀಸಾಗಿ ಹೋಗೋ ಅಷ್ಟು ಇರ್ಲಿ, ಆ ಗುಳಿಯೊಳಗೆ ನಿಪ್ಪಲ್‌ಗೆ ಗಾಳಿ ನೇರ ಬಡಿಯಲ್ಲ. ಕತ್ತರಿಸಿದ ಮೈಗೂ ತೆಳ್ಳಗಿನ ಪ್ಲಾಸ್ಟಿಕ್ ಶೀಟ್ ಅಂಟಿಸೋದು ಮರೀಬೇಡಿ.

ಹೀಟರ್, ಥರ್ಮೋಸ್ಟಾಟ್, ಪಂಪ್

ಅಕ್ವೇರಿಯಂ ಗಾಜಿನ ಹೀಟರ್ ಸುಲಭವಾಗಿ ಸಿಗುತ್ತೆ ಅಂತ ಹಾಕೋರು ಇದ್ದಾರೆ, ನಾನು ಬೇಡ ಅಂತೀನಿ. ಗಾಜು ಒಡೆದ್ರೆ ನೀರಲ್ಲೇ ಕರೆಂಟು. ಜೊತೆಗೆ ಅದರ ಒಳಗಿನ ಥರ್ಮೋಸ್ಟಾಟ್‌ನ ಕನಿಷ್ಠ ಸೆಟ್ಟಿಂಗೇ ಸಾಮಾನ್ಯವಾಗಿ 18-20 ಡಿಗ್ರಿ ಆಸುಪಾಸು, ನಮಗೆ 5 ಡಿಗ್ರಿ ಸಾಕಾಗಿರುವಾಗ ಸುಮ್ನೆ ಕರೆಂಟ್ ಸುಟ್ಟ ಹಾಗೆ. ಸ್ಟೀಲ್ ಮೈಯ ಅಥವಾ ಗಟ್ಟಿ ಪ್ಲಾಸ್ಟಿಕ್ ಕವಚದ, ನೀರಲ್ಲಿ ಮುಳುಗಿಸೋಕೆ ಅಂತಲೇ ಮಾಡಿರೋ ಡಿ-ಐಸರ್ (ಐಸ್ ಕಟ್ಟದ ಹಾಗೆ ನೋಡ್ಕೊಳ್ಳೋ ಹೀಟರ್) ತಗೊಳ್ಳಿ, ಪ್ಲಾಸ್ಟಿಕ್ ಬಕೆಟ್‌ಗೆ ಹಾಕಬಹುದಾ ಅನ್ನೋದನ್ನ ಡಬ್ಬದ ಮೇಲೆ ಓದ್ಕೊಳ್ಳಿ. ಗೂಡೊಳಗೆ ಹೀಟ್ ಲ್ಯಾಂಪ್ ನೇತುಹಾಕಿ ನೀರು ಬೆಚ್ಚಗೆ ಇಡ್ತೀನಿ ಅನ್ನೋ ಯೋಚನೆ ಇದ್ರೆ ದಯವಿಟ್ಟು ಬಿಡಿ, ಒಣಹುಲ್ಲು, ಪುಕ್ಕ, ಧೂಳು ಇರೋ ಜಾಗದಲ್ಲಿ ಬಲ್ಬ್ ಬಿದ್ರೆ ಗೂಡೇ ಹೊತ್ತಿ ಉರಿಯುತ್ತೆ.

ಹೊರಗೆ ಒಂದು ಥರ್ಮೋಸ್ಟಾಟ್ ಇರ್ಲಿ, 3 ಡಿಗ್ರಿಗೆ ಆನ್, 6-7ಕ್ಕೆ ಆಫ್. ಅದರ ಸೆನ್ಸರ್ ಹೊರಗಿನ ಗಾಳಿಯಲ್ಲಿ ಅಲ್ಲ, ನೀರಲ್ಲೇ ಇರ್ಬೇಕು. ಸುತ್ತು ಪೈಪಾದ್ರೆ ನೀರು ವಾಪಸ್ ಬೀಳೋ ಕಡೆ ಇಡಿ, ಅಲ್ಲಿ ನೀರು ಎಲ್ಲಕ್ಕಿಂತ ತಣ್ಣಗಿರುತ್ತೆ.

ಪಂಪ್ 5-10 ವ್ಯಾಟಿನ ಸಣ್ಣ ಫೌಂಟನ್ ಪಂಪ್ ಸಾಕು. ಜೋರಾಗಿ ಹರಿಸಬೇಕಾಗಿಲ್ಲ, ಗಂಟೆಗೆ 100 ಲೀಟರ್ ಹರಿದ್ರೂ ಆ 6 ಮೀಟರ್ ಸುತ್ತಿ ಬರೋಷ್ಟರಲ್ಲಿ ನೀರು ತಣ್ಣಗಾಗೋದು ಕಾಲು ಡಿಗ್ರಿಗಿಂತ ಕಮ್ಮಿ. ಮುಳುಗಿರೋ ಪಂಪ್ ತಿನ್ನೋ ಕರೆಂಟೂ ಕೊನೆಗೆ ನೀರಿಗೆ ಬಿಸಿಯಾಗೇ ಸೇರುತ್ತೆ, ಸೋ ಅದೂ ವೇಸ್ಟ್ ಅಲ್ಲ. ಪಂಪ್ ಎಷ್ಟು ಎತ್ತರಕ್ಕೆ ಎತ್ತುತ್ತೆ ಅಂತ ಬರೆದಿರುತ್ತೋ ಅದರ ಅರ್ಧಕ್ಕಿಂತ ಜಾಸ್ತಿ ಎತ್ತರ ಕೊಡ್ಬೇಡಿ.

40 ಲೀಟರ್ ಟ್ಯಾಂಕು, 6 ಮೀಟರ್ ಸುತ್ತು, ಎಲ್ಲ ಸರಿಯಾಗಿ ಮುಚ್ಚಿದ್ರೆ ಮೈನಸ್ 15ಕ್ಕೆ ಹೆಚ್ಚುಕಮ್ಮಿ 50 ವ್ಯಾಟ್ ಬಿಸಿ ಬೇಕು, ಡಬಲ್ ಇಟ್ಕೊಂಡು 100 ವ್ಯಾಟ್ ಹೀಟರ್ ಹಾಕಿ. ಮೈನಸ್ 30 ಆಗೋ ಕಡೆ ಬೇಕಾಗೋದು 90 ವ್ಯಾಟ್ ಹತ್ರ, ಹೀಟರನ್ನೂ ಅದಕ್ಕೆ ತಕ್ಕ ಹಾಗೆ ದೊಡ್ಡದು ಮಾಡ್ಕೊಳ್ಳಿ.

ಸುತ್ತು ಪೈಪ್ ಕಟ್ಟೋದು

ಇದರಲ್ಲಿ ಇರೋ ಕಿತಾಪತಿ ಎಲ್ಲ ಪಂಪ್ ನಿಂತಾಗ ಏನಾಗುತ್ತೆ ಅನ್ನೋದರಲ್ಲೇ ಇದೆ. 16 ಎಂಎಂ ಒಳ ಅಳತೆಯ 6 ಮೀಟರ್ ಪೈಪಲ್ಲಿ ಇರೋದು 1.2 ಲೀಟರ್ ನೀರು, ಹರಿಯೋದು ನಿಂತ್ರೆ ಅದು 5 ಡಿಗ್ರಿಯಿಂದ ಸೊನ್ನೆಗೆ ಬರೋಕೆ ಇಪ್ಪತ್ತು ನಿಮಿಷ ಸಾಕು. ಆಮೇಲೆ ಐಸ್ ಕಟ್ಟೋಕೆ ಶುರು, ನೀರು ಐಸ್ ಆದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತೆ, ನಿಪ್ಪಲ್ ಸೀಲ್ ಹೋಗುತ್ತೆ, ಜಾಯಿಂಟ್ ಬಿಡುತ್ತೆ. ಹಾಗಾಗಿ ಪಂಪ್ ನಿಂತ ಕೂಡ್ಲೇ ಪೈಪ್ ತಾನಾಗೇ ಖಾಲಿ ಆಗೋ ಹಾಗೆ ಕಟ್ಟಬೇಕು.

ಹೇಗೆ ಅಂದ್ರೆ, ಟ್ಯಾಂಕ್ ಕೆಳಗೆ ಇಡಿ, ನಿಪ್ಪಲ್ ಪೈಪ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ಇರ್ಲಿ. ಟ್ಯಾಂಕ್ ಎತ್ತರ ಇದ್ರೆ ನೆಲದಲ್ಲಿ ಸ್ವಲ್ಪ ಗುಂಡಿ ತೆಗೆದು ಇಳಿಸಿ, ಇಲ್ಲಾ ಅಗಲ ಜಾಸ್ತಿ ಎತ್ತರ ಕಮ್ಮಿ ಇರೋ ಐಸ್ ಬಾಕ್ಸ್ ಬಳಸಿ, ಅದಕ್ಕೆ ಇನ್ಸುಲೇಷನ್ ಮೊದಲೇ ಇರುತ್ತೆ. ಪಂಪಿಂದ ಬಂದ ನೀರು ಪೈಪಿನ ಒಂದು ತುದಿಗೆ ಹತ್ತುತ್ತೆ, ಅಲ್ಲಿಂದ ಪೈಪ್ ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ಏರ್ತಾ ಹೋಗ್ಬೇಕು, ಅಂದ್ರೆ ಇಳಿಜಾರು ಪಂಪಿನ ಕಡೆಗೆ. ಕೊನೇ ನಿಪ್ಪಲ್ ದಾಟಿದ ಮೇಲೆ ಪೈಪನ್ನ ನೇರ ಕೆಳಗೆ ಇಳಿಸ್ಬೇಡಿ, ಮೊದಲು 10-15 ಸೆಂಟಿಮೀಟರ್ ಮೇಲಕ್ಕೆ ಎತ್ತಿ, ಅಲ್ಲಿ ಒಂದು ಟೀ (ಮೂರು ಬಾಯಿಯ ಪೈಪ್ ಜಾಯಿಂಟ್) ಹಾಕಿ ಅದರ ಮೇಲಿನ ಬಾಯಿ ತೆರೆದೇ ಬಿಡಿ, ಇನ್ನೊಂದು ಬಾಯಿಂದ ಟ್ಯಾಂಕಿಗೆ ಇಳಿಸಿ. ಆ ಎತ್ತರ ಇರೋದರಿಂದ ಪಂಪ್ ಓಡುವಾಗ ನಿಪ್ಪಲ್‌ಗಳಿಗೆ ಸ್ವಲ್ಪ ಒತ್ತಡ ಯಾವಾಗ್ಲೂ ಸಿಗುತ್ತೆ, ಪಂಪ್ ನಿಂತಾಗ ತೆರೆದ ಬಾಯಿಂದ ಗಾಳಿ ಒಳಗೆ ಬಂದು ಪೈಪಲ್ಲಿದ್ದ ನೀರೆಲ್ಲ ಪಂಪಿನ ಮೂಲಕವೇ ಹಿಂದಕ್ಕೆ ಟ್ಯಾಂಕಿಗೆ ಇಳಿಯುತ್ತೆ. ಮಧ್ಯದಲ್ಲಿ ಚೆಕ್ ವಾಲ್ವ್ (ನೀರನ್ನ ಒಂದೇ ಕಡೆಗೆ ಬಿಡೋ ವಾಲ್ವ್) ಹಾಕಿದ್ರೆ ಈ ಆಟ ನಡೆಯಲ್ಲ, ಹಾಕ್ಬೇಡಿ. ವಾಪಸ್ ಬರೋ 1-2 ಲೀಟರಿಗೆ ಟ್ಯಾಂಕಲ್ಲಿ ಜಾಗ ಬಿಟ್ಟಿರಿ.

ನಿಪ್ಪಲ್ಲನ್ನ ಪೈಪಿನ ಮೈಗೇ ಕೂರಿಸಿ. ಟೀ ಹಾಕಿ ಒಂದು ತುಂಡು ಪೈಪ್ ಹೊರಗೆ ಎಳೆದು ಅದರ ತುದಿಗೆ ನಿಪ್ಪಲ್ ಹಾಕಿದ್ರೆ ಆ ತುಂಡಲ್ಲಿ ನೀರು ಸುತ್ತಲ್ಲ, ನಿಂತ ನೀರು, ಮೊದಲು ಹೆಪ್ಪುಗಟ್ಟೋದು ಅದೇ. ಪೈಪ್ ಜೋತು ಬೀಳದ ಹಾಗೆ ಎರಡೆರಡು ಅಡಿಗೆ ಕ್ಲ್ಯಾಂಪ್ ಹೊಡೀರಿ, ಜೋತ ಕಡೆ ನೀರು ನಿಲ್ಲುತ್ತೆ.

ಎಲ್ಲ ಆದ ಮೇಲೆ ಚಳಿ ಬರೋ ಮುಂಚೆನೇ ಪಂಪಿನ ಪ್ಲಗ್ ಕಿತ್ತು ಪರೀಕ್ಷೆ ಮಾಡಿ. ಐದು ನಿಮಿಷ ಬಿಟ್ಟು ಒಂದೊಂದೇ ನಿಪ್ಪಲ್ ಒತ್ತಿ ನೋಡಿ, ಯಾವುದರಲ್ಲಾದ್ರೂ ಇನ್ನೂ ನೀರು ಬರ್ತಾ ಇದ್ರೆ ಅಲ್ಲಿ ಪೈಪ್ ತಗ್ಗಾಗಿದೆ ಅಂತ ಅರ್ಥ.

ನಲ್ಲಿಯಿಂದ ಟ್ಯಾಂಕಿಗೆ

ಟ್ಯಾಂಕ್ ತುಂಬಿದಾಗ ತಾನಾಗೇ ಮುಚ್ಕೊಳ್ಳೋ ಫ್ಲೋಟ್ ವಾಲ್ವ್ ಹಾಕಿ ನಲ್ಲಿಗೆ ಹೋಸ್ ಜೋಡಿಸಿದ್ರೆ ಬೇಸಿಗೆಗೆ ಸೂಪರ್, ಚಳಿಗೆ ಅದೇ ಎಲ್ಲಕ್ಕಿಂತ ದೊಡ್ಡ ಕಾಟ. ಟ್ಯಾಂಕ್ ತುಂಬಿ ವಾಲ್ವ್ ಮುಚ್ಚಿದ ಮೇಲೆ ಹೋಸಲ್ಲಿ ನೀರು ಸುಮ್ನೆ ನಿಂತಿರುತ್ತೆ, ಒಂದೇ ರಾತ್ರಿಗೆ ಐಸ್. ನೆಲ ಹೆಪ್ಪುಗಟ್ಟೋ ಆಳಕ್ಕಿಂತ ಕೆಳಗೆ ಪೈಪ್ ಹೂತು, ಹೆಪ್ಪುಗಟ್ಟದ ಹೈಡ್ರಂಟ್ (ನೆಲದಡಿಯಲ್ಲಿ ವಾಲ್ವ್ ಇರೋ ನಲ್ಲಿ ಕಂಬ) ಹಾಕಿಸಿದೋರು ಅದಕ್ಕೆ ಹೋಸು ಮತ್ತೆ ಫ್ಲೋಟ್ ವಾಲ್ವ್ ಯಾವಾಗ್ಲೂ ಜೋಡಿಸಿಟ್ಟು ತೆರೆದಿಡ್ತಾರೆ, ಅದೂ ತಪ್ಪು. ಆ ಹೈಡ್ರಂಟ್ ಕೆಲಸ ಮಾಡೋದೇ ಪೂರ್ತಿ ಮುಚ್ಚಿದಾಗ, ಆಗ ಕಂಬದೊಳಗಿನ ನೀರು ನೆಲದಡಿಯ ಜಲ್ಲಿಗೆ ಇಳಿದು ಖಾಲಿ ಆಗುತ್ತೆ. ತೆರೆದೇ ಇದ್ರೆ, ಇಲ್ಲಾ ತುದಿಯಲ್ಲಿ ಹೋಸ್ ಮುಚ್ಕೊಂಡಿದ್ರೆ, ಅದು ಇಳಿಯಲ್ಲ, ಒಳಗೇ ಹೆಪ್ಪುಗಟ್ಟಿ ಕಂಬ ಸೀಳುತ್ತೆ.

ಪೂರ್ತಿ ಆಟೋಮ್ಯಾಟಿಕ್ ಬೇಕೇ ಬೇಕು ಅನ್ನೋರು ಬೆಚ್ಚಗಿರೋ ಕಟ್ಟಡದ ಒಳಗೆ ಟೈಮರ್ ಇರೋ ಸೊಲೆನಾಯ್ಡ್ ವಾಲ್ವ್ (ಕರೆಂಟಲ್ಲಿ ತೆರೆದು ಮುಚ್ಚೋ ವಾಲ್ವ್) ಹಾಕಿ, ಮಧ್ಯಾಹ್ನ ಬಿಸಿಲಿರೋ ಹೊತ್ತಿಗೆ ದಿನಕ್ಕೊಮ್ಮೆ ಕೆಲವು ನಿಮಿಷ ನೀರು ಬಿಡೋ ಹಾಗೆ ಮಾಡಿ. ಹೊರಗಿನ ಪೈಪ್ ಪೂರ್ತಿ ಟ್ಯಾಂಕಿನ ಕಡೆಗೆ ಇಳಿಜಾರಾಗಿರ್ಬೇಕು, ತುದಿ ನೀರಿಗೆ ಮುಟ್ಟದೆ ಮೇಲಿಂದ ಬೀಳ್ಬೇಕು, ಕಟ್ಟಡದಿಂದ ಹೊರಗೆ ಬರೋ ಜಾಗದಲ್ಲಿ ಗಾಳಿ ಒಳಗೆ ಬಿಡೋ ವಾಲ್ವ್ ಇರ್ಬೇಕು, ಆಗ ಮಾತ್ರ ಪೈಪ್ ಖಾಲಿ ಆಗುತ್ತೆ. ಇಲ್ಲಿ ಫ್ಲೋಟ್ ವಾಲ್ವ್ ಬೇಡ, ಅದು ಮುಚ್ಕೊಂಡ್ರೆ ಪೈಪಲ್ಲಿ ನೀರು ನಿಲ್ಲುತ್ತೆ, ಬದಲಿಗೆ ಟ್ಯಾಂಕಿನ ಮೇಲ್ಭಾಗದಲ್ಲಿ ಒಂದು ಹೆಚ್ಚುವರಿ ನೀರಿನ ತೂತು ಇಟ್ಟು ಗೂಡಿನಿಂದ ದೂರಕ್ಕೆ ಹರಿಸಿ.

ನನ್ನ ಕೇಳಿದ್ರೆ ಗಡ್ಡೆಗಟ್ಟೋ ಚಳಿಯ ತಿಂಗಳುಗಳಲ್ಲಿ ಇದನ್ನೆಲ್ಲ ಬಿಚ್ಚಿಟ್ಟು ಕೈಯಲ್ಲೇ ತುಂಬೋದು ವಾಸಿ. 10 ಕೋಳಿ ದಿನಕ್ಕೆ ಕುಡಿಯೋದು 3 ಲೀಟರ್ ಒಳಗೆ, 40 ಲೀಟರ್ ಟ್ಯಾಂಕಲ್ಲಿ ಬಳಕೆಗೆ 30 ಸಿಕ್ರೂ ಹತ್ತು ದಿನ ಆಯ್ತು. ಕೋಳಿಯ ಪಾಲಿಗೆ ಅದು ಆಟೋಮ್ಯಾಟಿಕ್ಕೇ ತಾನೇ, ನಿಮಗೆ ವಾರಕ್ಕೊಂದ್ಸಲ ಎರಡು ಬಕೆಟ್ ಹೊರೋ ಕೆಲಸ.

ಕರೆಂಟು

ಈ ಭಾಗ ಯಾರೂ ಹಾರಿಸಿ ಓದ್ಬೇಡಿ. ಗೂಡಿಗೆ ಹೋಗೋ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್) ಇರ್ಲೇಬೇಕು, ಅರ್ಥಿಂಗ್ ಸರಿ ಇರ್ಬೇಕು, ಗೊತ್ತಿಲ್ಲ ಅಂದ್ರೆ ಎಲೆಕ್ಟ್ರಿಷಿಯನ್ ಕರೆಸಿ. ಪ್ಲಗ್ ಜೋಡಣೆ ಹುಲ್ಲಿನ ಮೇಲೆ ಬೇಡ, ಗೋಡೆಗೆ ಎತ್ತರದಲ್ಲಿ ಮಳೆ ನೀರು ಹೋಗದ ಡಬ್ಬದೊಳಗೆ. ವೈರು ಡಬ್ಬಕ್ಕೆ ಹೋಗೋ ಮುಂಚೆ ಸ್ವಲ್ಪ ಕೆಳಗೆ ಜೋತು ಮತ್ತೆ ಮೇಲೇರ್ಲಿ, ಆಗ ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತೆ. ಕೋಳಿ ಕುಕ್ಕುತ್ತೆ, ಇಲಿ ಕಡಿಯುತ್ತೆ, ಸೋ ಕಾಣೋ ವೈರೆಲ್ಲ ಕಾಂಡ್ಯೂಟ್ (ವೈರ್ ಹಾಕೋ ಗಟ್ಟಿ ಪೈಪ್) ಒಳಗೆ ಹಾಕಿ. ನೀರಿದ್ರೂ, ಐಸ್ ಇಲ್ಲದಿದ್ರೂ ಕೋಳಿಗಳು ನಿಪ್ಪಲ್ ಮುಟ್ಟಿ ಬೆಚ್ಚಿ ಹಿಂದೆ ಸರಿತಾ ಇದ್ರೆ ಕರೆಂಟ್ ಲೀಕ್ ಆಗ್ತಿರಬಹುದು, ಮೇನ್ ಆಫ್ ಮಾಡಿದ ಮೇಲೇ ನೀರಿಗೆ ಕೈ ಹಾಕಿ.

ಕರೆಂಟ್ ಹೋದ್ರೆ? ಇನ್ಸುಲೇಷನ್ ಸರಿ ಇರೋ 20 ಲೀಟರ್ ಬಕೆಟ್ 5 ಡಿಗ್ರಿಯಿಂದ ಸೊನ್ನೆಗೆ ಬರೋಕೆ ಮೈನಸ್ 15ರಲ್ಲೂ ಹತ್ತು ಗಂಟೆ ಮೇಲೆ ಹಿಡಿಯುತ್ತೆ, ಬರೀ ಬಕೆಟ್ ಆದ್ರೆ ಎರಡು ಗಂಟೆನೂ ನಿಲ್ಲಲ್ಲ. ಬಕೆಟ್ ಪೂರ್ತಿ ಗಡ್ಡೆ ಆಗೋದು ಅದಕ್ಕೂ ಎಷ್ಟೋ ಹೊತ್ತಾದ ಮೇಲೆ, ಯಾಕಂದ್ರೆ ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾಗುವಾಗ ಬಿಡೋ ಬಿಸಿಗಿಂತ ಹೆಪ್ಪುಗಟ್ಟುವಾಗ ಬಿಡೋ ಬಿಸಿ 80 ಪಟ್ಟು. ಆದ್ರೆ ನಿಪ್ಪಲ್ ಅಷ್ಟು ಹೊತ್ತು ಕಾಯಲ್ಲ, ಅದಕ್ಕೆ ಒಂದು ರಬ್ಬರ್ ಬೋಗುಣಿ ಪಕ್ಕದಲ್ಲಿರ್ಲಿ, ಕರೆಂಟ್ ಬರೋ ತನಕ ಉಗುರುಬೆಚ್ಚಗಿನ ನೀರು ಹಾಕಿ ಕುಡಿಸಿ, ಐಸ್ ಕಟ್ಟಿದ್ರೆ ತಿರುವಿ ಬಡಿದು ಉದುರಿಸಬಹುದು.

ಹೆಪ್ಪುಗಟ್ಟದಿರ್ಲಿ ಅಂತ ನೀರಿಗೆ ಉಪ್ಪು ಹಾಕೋದು, ಕಾರಿನ ಆಂಟಿಫ್ರೀಜ್ ಹಾಕೋದು ಯಾವ ಕಾರಣಕ್ಕೂ ಬೇಡ. ಐಸ್ ತಡೆಯೋ ಅಷ್ಟು ಉಪ್ಪು ಕೋಳಿಯನ್ನೇ ಕೊಲ್ಲುತ್ತೆ, ಆಂಟಿಫ್ರೀಜ್ ವಿಷ. ಉಪ್ಪುನೀರಿನ ಬಾಟಲಿ ತೇಲಿಬಿಡೋ ಉಪಾಯಾನೂ ಅಷ್ಟೇ, ಬಾಟಲಿ ಸೋರಿದ್ರೆ ಅದೇ ಗತಿ.

ಕಲಿಸೋದು, ನೋಡ್ಕೊಳ್ಳೋದು

ನಿಪ್ಪಲ್ ಕಲಿಸೋ ಕೆಲಸ ಚಳಿಗೆ ಮುಂಚೆನೇ ಮುಗಿಸಿ. ಮೊದಲ ಕೆಲವು ದಿನ ಹಳೇ ತಟ್ಟೆನೂ ಇರ್ಲಿ, ಬೆರಳಲ್ಲಿ ಪಿನ್ ತಳ್ಳಿ ನೀರು ಹೊಳೆಯೋದನ್ನ ತೋರಿಸಿ, ಒಂದು ಕೋಳಿ ಕಲಿತ್ರೆ ಉಳಿದವು ನೋಡಿ ಕಲೀತವೆ. ಆಮೇಲೆ ಬೆಳಗ್ಗೆ ಹೊತ್ತು ತಟ್ಟೆ ತೆಗೆದಿಟ್ಟು ನೋಡಿ, ಎಲ್ಲವೂ ನಿಪ್ಪಲ್‌ನಿಂದ ಕುಡಿಯೋದು ಕಣ್ಣಾರೆ ಕಂಡ ಮೇಲೇ ತಟ್ಟೆ ಪೂರ್ತಿ ತೆಗೀರಿ.

ಚಳಿ ಶುರುವಾದ ಮೇಲೆ ದಿನಾ ಬೆಳಗ್ಗೆ ಗೂಡು ತೆರೆಯುವಾಗ ಪ್ರತಿ ನಿಪ್ಪಲ್ಲನ್ನೂ ಬೆರಳಲ್ಲಿ ಒತ್ತಿ ನೋಡಿ, ಬರೀ ಥರ್ಮಾಮೀಟರ್ ನೋಡಿ ಸುಮ್ನಾಗ್ಬೇಡಿ. ಕೆಳಗಿನ ಹೊಟ್ಟು ಒದ್ದೆಯಾಗಿದ್ರೆ ಯಾವುದೋ ಒಂದು ತೊಟ್ಟಿಕ್ತಾ ಇದೆ, ಹೆಚ್ಚಾಗಿ ಸೀಲಲ್ಲಿ ಕಸ ಸಿಕ್ಕಿರುತ್ತೆ, ಬಿಚ್ಚಿ ತೊಳೆದ್ರೆ ಸರಿ ಹೋಗುತ್ತೆ. ಪಂಪಿನ ಜಾಲರಿ ವಾರಕ್ಕೊಮ್ಮೆ ಉಜ್ಜಿ. ತಿಂಗಳಿಗೊಮ್ಮೆ ಬಿಸಿಲಿರೋ ದಿನ ನೋಡಿ ಟ್ಯಾಂಕ್ ಖಾಲಿ ಮಾಡಿ ಒಳಮೈಯ ಲೋಳೆ ಉಜ್ಜಿ ತೆಗೀರಿ, 4 ಲೀಟರ್ ನೀರಿಗೆ ಒಂದು ಟೇಬಲ್ ಸ್ಪೂನ್ ಬ್ಲೀಚ್ ಹಾಕಿ ಸುತ್ತಿಸಿ, ವಾಸನೆ ಹೋಗೋ ತನಕ ಸಾದಾ ನೀರಲ್ಲಿ ತೊಳೀರಿ. ಬಿಳಿ ಉಪ್ಪು ಕಟ್ಟಿದ್ರೆ ವಿನೆಗರ್, ಆದ್ರೆ ಅದು ಬೇರೆ ದಿನ, ಬ್ಲೀಚ್ ಜೊತೆ ಯಾವತ್ತೂ ಸೇರಿಸ್ಬೇಡಿ, ವಿಷಗಾಳಿ ಬರುತ್ತೆ. ಚಳಿ ಮುಗಿದ ಮೇಲೆ ಹೀಟರ್ ಹೊರಗೆ ತೆಗೆದು ವೈರ್ ಎಲ್ಲಾದ್ರೂ ಸೀಳಿದ್ಯಾ ನೋಡಿ, ಒಣಗಿಸಿ ಇಡಿ, ಎರಡು ಮೂರು ನಿಪ್ಪಲ್ ಜಾಸ್ತಿ ತಂದು ಅದೇ ಡಬ್ಬದಲ್ಲಿ ಹಾಕಿಟ್ಟಿರಿ.